ದಕ್ಷಿಣ ಪಿನಾಕಿನಿ



ಬಾಲ್ಟಿಕ್ ಸಮುದ್ರದ ತೀರದಲ್ಲಿ ಲಾತ್ವಿಯ ಎಂಬ ಚಿಕ್ಕ ದೇಶವುಂಟು. ಅದರ ರಾಜಧಾನಿಯಾದ ರೀಗಾ ಪಟ್ಟಣವನ್ನು ಹಾದು ಸಮುದ್ರವನ್ನು ಸೇರುವ ಮಹಾನದಿಯನ್ನು ಆ ನಾಡಿನವರು ದೌಗಾವಾ ಎನ್ನುವರು. ಅದು ಹುಟ್ಟುವ ರಷ್ಯ ದೇಶದಲ್ಲಿ ಅದಕ್ಕೆ ಪಶ್ಚಿಮ ದ್ವಿನಾ ಎಂದು ಹೆಸರು. ಜರ್ಮನರು ದ್ಯೂನಾ ಎಂದರು. ಇಂತಹ ನದಿಯನ್ನು ಕಾಣಲು ನಾವು ಅಷ್ಟು ದೂರ ಹೋಗಬೇಕಾದುದಿಲ್ಲ. ಬೆಂಗಳೂರಿನಿಂದ ಹೊಸಕೋಟೆಯವರೆಗೆ ಹೋದರೆ ಸಾಕು.

ನಂದಿಯ ಬಳಿಯ ಚೆನ್ನಕೇಶವ ಬೆಟ್ಟದಲ್ಲಿ ಎರಡು ಹೊಳೆಗಳು ಹುಟ್ಟುತ್ತವೆ. ಬಡಗಲಿಗೆ ಹರಿದು, ಗೌರಿಬಿದನೂರನ್ನು ಹಾದು, ನೆಲ್ಲೂರಿನ ಸೀಮೆಯಲ್ಲಿ ಕಡಲನ್ನು ಸೇರುವುದು ಉತ್ತರ ಪಿನಾಕಿನಿ. ಆಂಧ್ರರು ಇದನ್ನು ಪೆನ್ನೇರು ಎನ್ನುವರು. ತೆಂಕಲಿಗೆ ಹರಿದು ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳನ್ನು ದಾಟುವುದು ದಕ್ಷಿಣ ಪಿನಾಕಿನಿ. ಹೊಸೂರಿನ ಕಡೆ ತಮಿಳುನಾಡನ್ನು ಹೊಕ್ಕೊಡನೆ ಇದೇ ತೆನ್‌ಪೆಣ್ಣೈ ಆಗುವುದು. ಪೊನ್ನೈಯಾರ್ ಎಂದೂ ಕರೆಯುವುದುಂಟು. ತಿರುಕ್ಕೋಯಿಲೂರನ್ನು ಹಾದು ಕಡಲೂರಿನ ಬಳಿ ಅದು ಸಮುದ್ರವನ್ನು ಸೇರುವುದು.

ಪಿನಾಕವೆಂದರೆ ಶಿವನ ಧನುಸ್ಸು. ಭೋಗನಂದೀಶ್ವರನು ನೆಲಸಿರುವ ಸೀಮೆಯ ಹೊಳೆಗೆ ಈ ಹೆಸರು ಚೆನ್ನಾಗಿ ಒಪ್ಪುವುದು. ಪೆಣ್ಣೈ ಎಂಬ ಮಾತಿಗೆ ತಮಿಳಿನಲ್ಲಿ ತಾಳೆಯ ಮರವೆಂಬ ಅರ್ಥವುಂಟು. ಸಂಘಕಾಲದ ಪುರನಾನೂರಿನಲ್ಲಿಯೇ ನದಿಯ ಈ ಹೆಸರು ಬಂದಿದೆ.

ಇದು ಕೇವಲ ಪಂಡಿತರ ವಿನೋದವೆಂದು ತಿಳಿಯಬಾರದು. 1892ರಲ್ಲಿ ಮೈಸೂರು ಮತ್ತು ಮದರಾಸು ಸರ್ಕಾರಗಳು ಒಂದು ಒಪ್ಪಂದ ಮಾಡಿಕೊಂಡುವು. ಅದರಲ್ಲಿ ಹೆಸರಿಸಿದ 15 ನದಿಗಳಿಗೆ ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟಲಾಗದು. ಎರಡು ಪಿನಾಕಿನಿಗಳೂ ಆ ಪಟ್ಟಿಯಲ್ಲಿವೆ. ದಕ್ಷಿಣ ಪಿನಾಕಿನಿಯ ಉಪನದಿಯಾದ ಮಾರ್ಕಂಡೇಯಕ್ಕೆ ಕೋಲಾರ ಜಿಲ್ಲೆಯಲ್ಲಿ ಅಣೆಕಟ್ಟು ಎದ್ದಾಗ ತಮಿಳುನಾಡು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2019ರ ನವೆಂಬರಿನಲ್ಲಿ ನ್ಯಾಯಾಲಯವು ತಡೆಯಾಜ್ಞೆ ನೀಡದೆ, ನ್ಯಾಯಮಂಡಲಿಗಾಗಿ ಕೇಂದ್ರ ಸರ್ಕಾರವನ್ನು ಕೇಳಿಕೊಳ್ಳಲು ಅವಕಾಶವಿತ್ತಿತು.

ನೀರಿನ ಪಾಲಿಗಾಗಿ ವಾದಿಸುವ ನಾವು ನೀರಿನ ಸ್ಥಿತಿಯನ್ನೂ ನೋಡಬೇಕಲ್ಲವೆ? ಹೊಸಕೋಟೆಯ ಬಳಿ ಈ ಹೊಳೆ ವರ್ಷದ ಬಹುಭಾಗ ಒಣಗಿರುವುದು. ಅದರ ಕೆಳಗೆ ಅದಕ್ಕೆ ನೀರು ಬರುವುದು ಬೆಳ್ಳಂದೂರು, ವರ್ತೂರು ಕೆರೆಗಳಿಂದ. ಅಂದರೆ ಬೆಂಗಳೂರಿನ ಬಚ್ಚಲುಗಳಿಂದ. ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಅದೇ ನೀರು ಬಿಳಿಯ ನೊರೆಯಾಗಿ ಏಳುವುದನ್ನು ಕೆಳಗಿನ ಒಕ್ಕಲಿಗರು ಪದೇ ಪದೇ ಕಂಡಿದ್ದಾರೆ. ನಮ್ಮ ಪಿನಾಕಿನಿಯು ಅವರ ಪೆಣ್ಣೈಯೂ ಹೌದೆಂಬುದನ್ನು ಮೇಲಿನ ನಾಡಿನಲ್ಲಿರುವ ನಾವು ಮರೆಯಲಾಗದು. ಹೊಳೆಗೆ ನಾವು ಬಿಟ್ಟದ್ದನ್ನೇ ಅವರು ಹೊಲಕ್ಕೆ ಕಟ್ಟಿಕೊಳ್ಳುತ್ತಿದ್ದಾರೆ.