ಒಡವೆಯ ಬೆನ್ನು: ಜೈಪುರದ ಮೀನಾಕಾರರ ಸಲಕರಣೆಗಳು

ಜೈಪುರದ ಹಳೆಯ ಕುಂದಣದ ಹಾರವೊಂದನ್ನು ಮಗುಚಿ ಹಿಡಿದರೆ ಮತ್ತೊಂದು ಒಡವೆಯೇ ಕಾಣಿಸುತ್ತದೆ. ಮುಂಬದಿಯಲ್ಲಿ ಹರಳುಗಳು, ಧರಿಸಿದವರ ಮೈಗೆ ತಾಗುವ ಹಿಂಬದಿಯಲ್ಲಿ ಬಿಳಿಯ ನೆಲದ ಮೇಲೆ ಕೆಂಪು ಹೂ, ಹಸಿರು ಎಲೆ. ಲೋಹದ ಮೇಲೆ ಬಣ್ಣದ ಗಾಜನ್ನು ಕರಗಿಸಿ ಕೂರಿಸುವ ಈ ಕೆಲಸವೇ ಮೀನಾಕಾರಿ. ನಮ್ಮ ಕಿವಿಗೆ ಮೀನು ನೆನಪಾದರೂ ಈ ಪದ ಪಾರಸಿಯದು.

ಆಮೇರಿನ ರಾಜಾ ಮಾನಸಿಂಹನು ಲಾಹೋರಿನಿಂದ ಮೀನಾಕಾರರನ್ನು ಕರೆತಂದನೆಂಬುದು ಪರಂಪರೆಯ ಮಾತು. ಅಬುಲ್ ಫಜಲನ ‘ಐನ್-ಇ-ಅಕ್ಬರಿ’ಯಲ್ಲಿ ಮೀನಾಕಾರರ ಉಲ್ಲೇಖವಿದೆ. 1727ರಲ್ಲಿ ಜೈಪುರ ತಲೆಯೆತ್ತಿದಾಗ ಕಸುಬೂ ಅಲ್ಲಿಗೆ ಬಂದು ನೆಲೆಸಿತು. ಮಾನಸಿಂಹನದೆನ್ನಲಾದ ಊರುಗೋಲು ಸುಪ್ರಸಿದ್ಧ: 52 ಅಂಗುಲ ಉದ್ದ, ತಾಮ್ರದ ತಿರುಳಿನ ಮೇಲೆ ಚಿನ್ನದ 33 ಕೊಳವೆಗಳು. ರಾಜನ ಹೆಸರು ಉಳಿಯಿತು. ಅದನ್ನು ಕೊರೆದವನ, ಬಣ್ಣ ತುಂಬಿದವನ ಹೆಸರು ನಮಗೆ ದಕ್ಕಲಿಲ್ಲ. ಅವರನ್ನು ಅರಿಯಬೇಕಾದರೆ ಸಲಕರಣೆಗಳ ಬಳಿಗೇ ಹೋಗಬೇಕು.

ಅವು ತೀರ ಸಾಧಾರಣವಾದುವು. ಉಕ್ಕಿನ ಉಳಿಯಿಂದ ಚಿನ್ನದಲ್ಲಿ ಚಿತ್ರದ ಗುಳಿಗಳನ್ನು ತೋಡುತ್ತಾರೆ. ಗುಳಿಯ ತಳವನ್ನು ನುಣುಪಾಗಿ ಬಿಡದೆ ಸೂಕ್ಷ್ಮವಾದ ಗೀರುಗಳನ್ನೆಳೆಯುತ್ತಾರೆ. ಗಾಜು ಅದನ್ನು ಕಚ್ಚಿ ಹಿಡಿಯುತ್ತದೆ. ಪಾರದರ್ಶಕ ಬಣ್ಣದ ಮೂಲಕ ಹಾಯ್ದ ಬೆಳಕು ಆ ಗೀರುಗಳಿಂದ ಚಿಮ್ಮಿ ಮರಳುತ್ತದೆ. ಬಣ್ಣವೆಂದರೆ ಗಾಜಿನ ಗಟ್ಟಿಯೇ: ಕೋಬಾಲ್ಟಿನಿಂದ ನೀಲಿ, ತಾಮ್ರದಿಂದ ಹಸಿರು, ತವರದ ಆಕ್ಸೈಡಿನಿಂದ ಅಪಾರದರ್ಶಕ ಬಿಳಿ. ಅದನ್ನು ಕಲ್ಲಿನ ಕಲ್ವದಲ್ಲಿ ಅರೆದು, ಹಾಲಿನಂಥ ಬಗ್ಗಡ ಹೋಗುವವರೆಗೆ ನೀರಿನಲ್ಲಿ ತೊಳೆಯಬೇಕು. ತೊಳೆಯುವುದರಲ್ಲಿ ಆತುರಪಟ್ಟರೆ ಬಣ್ಣ ಮಂಕಾಗುತ್ತದೆ. ಒದ್ದೆ ಪುಡಿಯನ್ನು ಉಕ್ಕಿನ ಸೂಜಿಯಿಂದ ಗುಳಿಗೆ ತುಂಬಿ, ಒಣಗಿಸಿ, ಒಡವೆಯನ್ನು ಅಭ್ರಕದ ಹಲ್ಲೆಯ ಮೇಲಿಟ್ಟು ಇದ್ದಿಲಿನ ಕುಲುಮೆಗೆ ಸೇರಿಸುತ್ತಾರೆ.

ನಿಜವಾದ ಪರೀಕ್ಷೆ ಇಲ್ಲಿದೆ. ಗಾಜು ಹರಿಯಲು ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಬೆಳ್ಳಿ 962ರಲ್ಲಿ, ಚಿನ್ನ 1064ರಲ್ಲಿ ಕರಗುತ್ತದೆ. ಬೆಸುಗೆಯಂತೂ ಅದಕ್ಕಿಂತ ಮೊದಲೇ ಸಡಿಲಬಹುದು. ಉಷ್ಣಮಾಪಕವಿಲ್ಲದ ಕಾಲದಲ್ಲಿ ಈ ಅಂತರವನ್ನು ಕಾಯ್ದದ್ದು ಕೆಂಡದ ಬಣ್ಣವನ್ನು ಓದಬಲ್ಲ ಕಣ್ಣು. ಎಲ್ಲ ಬಣ್ಣಗಳೂ ಒಂದೇ ಶಾಖವನ್ನು ತಾಳವು. ಆದ್ದರಿಂದ ಹೆಚ್ಚು ತಾಳುವ ಬಿಳಿ ಮೊದಲು, ಬೇಗ ಕೆಡುವ ಕೆಂಪು ಕೊನೆಗೆ. ಆ ಕೊನೆಯ ಸುಡುವಿಕೆ ತಪ್ಪಿದರೆ ಹಿಂದಿನ ಶ್ರಮವೆಲ್ಲ ವ್ಯರ್ಥ. ಜೈಪುರದ ಕೆಂಪಿಗೆ ಬಂದ ಕೀರ್ತಿ ಸುಮ್ಮನೆ ಬಂದದ್ದಲ್ಲ. ಆರಿದ ಮೇಲೆ ಕುರುಂದದ ಕಲ್ಲಿನಿಂದ ಉಜ್ಜಿ, ಹುಳಿಯಲ್ಲಿ ತೊಳೆದು ಹೊಳಪು ಕೊಡುತ್ತಾರೆ. ಚಿತ್ರ ಬರೆಯುವವನು, ಅಕ್ಕಸಾಲಿಗ, ಕೊರೆಯುವವನು, ಮೀನಾಕಾರ, ಹೊಳಪು ಕೊಡುವವನು, ಹರಳು ಕೂರಿಸುವವನು – ಒಂದು ಪದಕಕ್ಕೆ ಇಷ್ಟು ಕೈಗಳು.

ಬೀದರಿನ ಬಿದರಿಯನ್ನು ಬಲ್ಲ ನಮ್ಮ ಗಡಿನಾಡಿನವರಿಗೆ ಕೊರೆದು ತುಂಬುವ ಕ್ರಮ ಹೊಸದೇನಲ್ಲ. ಆದರೆ ಅಲ್ಲಿ ತುಂಬುವುದು ಬೆಳ್ಳಿ. ಸುತ್ತಿಗೆಯ ಪೆಟ್ಟಿಗೆ ಅದು ಮಣಿಯುತ್ತದೆ. ಗಾಜು ಬೆಂಕಿಗಲ್ಲದೆ ಮಣಿಯದು.

1886ರಲ್ಲಿ ಜೇಕಬ್ ಮತ್ತು ಹೆಂಡ್ಲಿ ಎಂಬ ಆಂಗ್ಲ ಅಧಿಕಾರಿಗಳು ಜೈಪುರದ ಮೀನಾಕಾರಿಯ ಬಗ್ಗೆ ಸಚಿತ್ರ ಗ್ರಂಥವನ್ನೇ ಹೊರತಂದರು. ಆ ವೇಳೆಗೂ ಬಣ್ಣದ ಗಾಜಿನ ಗಟ್ಟಿಗಳು ಲಾಹೋರಿನಿಂದಲೇ ಬರುತ್ತಿದ್ದವು. ಕಸುಬು ಊರು ಬದಲಿಸಿ ತಲೆಮಾರುಗಳು ಕಳೆದರೂ ಸಾಮಗ್ರಿ ತವರಿನದೇ. ಇಂದು ಅನೇಕ ಕಡೆ ವಿದ್ಯುತ್ ಕುಲುಮೆ ಬಂದಿದೆ, ಬಣ್ಣಗಳು ಹೊರದೇಶಗಳಿಂದಲೂ ಬರುತ್ತವೆ. ಕೊರೆಯುವ ಉಳಿ ಮಾತ್ರ ಹಳೆಯದೇ.