ಹಿಂಡಿಯಲ್ಲಿ ಉಳಿದ ಎಣ್ಣೆ

ಸೋಯಾ ಎಣ್ಣೆ ತೆಗೆದು ಬಯೋಡೀಸೆಲ್ ಮಾಡೋಕೆ ಯಾವ ಯಂತ್ರ ಒಳ್ಳೇದು ಅಂತ ಹುಡುಕ್ತಾ ಹೋದವನು ಇತಿಹಾಸದಲ್ಲಿ ಸಿಕ್ಕಿಹಾಕಿಕೊಂಡೆ. (ಕೋಡ್ ಬರೆಯೋನಿಗೆ ಗಾಣದ ಉಸಾಬರಿ ಯಾಕೆ ಅನ್ಬೇಡಿ!)

ಕಡಲೆಬೀಜದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆ. ಸೋಯಾದಲ್ಲಿ ನೂರಕ್ಕೆ 18-20 ಪಾಲು ಮಾತ್ರ. ಹಿಂಡಿಯಲ್ಲಿ ಎಷ್ಟು ಉಳೀತು ಅನ್ನೋದೇ ಇಲ್ಲಿ ಲೆಕ್ಕ.

ಮೊದಲಿದ್ದ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಬಟ್ಟೆ ಸುತ್ತಿ ತುಂಬಬೇಕು, ಒತ್ತಬೇಕು, ನಿಲ್ಲಿಸಿ ತೆಗೀಬೇಕು. 1900ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಆಂಡರ್ಸನ್ ಎಕ್ಸ್‌ಪೆಲ್ಲರಿಗೆ ಪೇಟೆಂಟ್ ಪಡೆದರು. ಕೊಳವೆಯೊಳಗೆ ತಿರುಗೋ ಸ್ಕ್ರೂ; ಈ ಕಡೆ ಕಾಳು ಸುರೀತಿದ್ರೆ ಎಣ್ಣೆ ಒಂದು ಕಡೆ, ಹಿಂಡಿ ಒಂದು ಕಡೆ, ನಿಲ್ಲೋ ಮಾತೇ ಇಲ್ಲ. ಆದ್ರೂ ಹಿಂಡಿಯಲ್ಲಿ ನೂರಕ್ಕೆ ಐದರಷ್ಟಾದರೂ ಎಣ್ಣೆ ಉಳಿಯುತ್ತೆ. ಅಂದ್ರೆ ಕಾಳಿನ ಒಟ್ಟು ಎಣ್ಣೆಯಲ್ಲಿ ಐದರಲ್ಲೊಂದು ಪಾಲು!

ಆ ಪಾಲಿನ ಆಸೆಗೆ ಬಂದದ್ದು ದ್ರಾವಕ. ಪೆಟ್ರೋಲಿಯಂ ದ್ರಾವಕದಲ್ಲಿ ತೊಳೆದರೆ ಹಿಂಡಿಯಲ್ಲಿ ಉಳಿಯೋದು ಒಂದು ಪಾಲಿಗಿಂತ ಕಮ್ಮಿ. ಆದ್ರೆ ಅದರ ಆವಿಗೆ ಒಂದು ಕಿಡಿ ಸಾಕು. 1935ರ ಅಕ್ಟೋಬರಿನಲ್ಲಿ ಶಿಕಾಗೋದ ಗ್ಲಿಡನ್ ಕಂಪನಿಯ ಸೋಯಾ ಘಟಕ ಸಿಡಿದು 11 ಜನ ಸತ್ತರು. ಗ್ಲಿಡನ್ ಮತ್ತೆ ಕಟ್ಟಿದ್ದೂ ದ್ರಾವಕದ ಘಟಕವನ್ನೇ. ಇವತ್ತು ಜಗತ್ತಿನ ಬಹುಪಾಲು ಸೋಯಾ ಎಣ್ಣೆ ಬರೋದು ಹೆಕ್ಸೇನ್ ದ್ರಾವಕದಿಂದಲೇ.

ಊರಮಟ್ಟದ ಬಯೋಡೀಸೆಲ್‌ಗೆ ನನ್ನ ಓಟು ಎಕ್ಸ್‌ಪೆಲ್ಲರಿಗೇ. ಉಳಿದ ಎಣ್ಣೆ ಹಿಂಡಿ ಜೊತೆ ದನದ ಹೊಟ್ಟೆಗೆ ಹೋಗುತ್ತೆ, ಹೋಗ್ಲಿ ಬಿಡಿ. ನೀವೇನಂತೀರಿ?