ಕಲ್ಲಿನ ಚರ್ಚು, ಕಬ್ಬಿಣದ ಚರ್ಚು



ಗೋಕುಲಂನ ನಮ್ಮ ಮನೆಯಿಂದ ಸಂತ ಫಿಲೋಮಿನಾ ಚರ್ಚು ಹೆಚ್ಚು ದೂರವಿಲ್ಲ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರವಿಟ್ಟ ಆ ಕಟ್ಟಡದ 175 ಅಡಿ ಎತ್ತರದ ಅವಳಿ ಗೋಪುರಗಳ ಮುಂದೆ ನಿಮ್ಮಲ್ಲಿ ಹಲವರನ್ನು ಸಾಲಾಗಿ ನಿಲ್ಲಿಸಿ ಪಾಠ ಹೇಳಿದ್ದೇನೆ. "ದೇವರ ಮನೆ ಹೀಗೆ ನೆಲಕ್ಕೆ ಬೇರೂರಿರಬೇಕು. ಆಂಗ್ಲರು ತಗಡಿನ ಚರ್ಚುಗಳನ್ನೂ ಕಟ್ಟಿದರು, ಅವು ಬರೀ ಗೋದಾಮುಗಳು" ಎಂದು ನಗೆಯಾಡಿದ್ದೆ. ಆ ಮಾತನ್ನು ಇಂದು ಹಿಂತೆಗೆದುಕೊಳ್ಳುತ್ತಿದ್ದೇನೆ.

ಇಂಗ್ಲೆಂಡಿನ ಹಳೆಯ ಪ್ಯಾರಿಷ್ ಚರ್ಚುಗಳು ಎಷ್ಟೋ ತಲೆಮಾರುಗಳ ಕೆಲಸ. ಒಬ್ಬರು ಗೋಡೆ ಎತ್ತಿದರೆ, ಇನ್ನೊಂದು ಕಾಲದವರು ಗೋಪುರ ಸೇರಿಸುತ್ತಿದ್ದರು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಜನರು ಕಾರ್ಖಾನೆಯ ಊರುಗಳಿಗೆ, ಗಣಿಗಳಿಗೆ, ಆಸ್ಟ್ರೇಲಿಯಾದಂಥ ದೂರದ ವಸಾಹತುಗಳಿಗೆ ಹೊರಟರು. ಅವರಿಗೆ ಕಾಯುವಷ್ಟು ಕಾಲವೆಲ್ಲಿತ್ತು? 1829ರಲ್ಲಿ ಲಂಡನ್ನಿನ ಹೆನ್ರಿ ಪಾಮರ್ ಸುಕ್ಕುತಗಡಿಗೆ ಪೇಟೆಂಟ್ ಪಡೆದಿದ್ದ. ಅನಂತರ ತುಕ್ಕು ತಡೆಯಲು ಸತುವಿನ ಲೇಪವೂ ಬಂದಿತು. ಕಾರ್ಖಾನೆಯಲ್ಲಿ ಸಿದ್ಧವಾದ ಚರ್ಚಿನ ಬಿಡಿಭಾಗಗಳು ಹಡಗೇರಿ ಹೋಗಿ, ತಲುಪಿದ ಊರಿನಲ್ಲಿ ಬೋಲ್ಟು ಬಿಗಿಸಿಕೊಂಡು ನಿಲ್ಲುತ್ತಿದ್ದವು. ಕಲಾವಿದ ವಿಲಿಯಂ ಮಾರಿಸ್‌ನಿಗೆ ಇವುಗಳನ್ನು ಕಂಡರಾಗುತ್ತಿರಲಿಲ್ಲ. ಸುಡುವ ಬಿಸಿಲು, ಮಳೆ ಬಂದರೆ ಕಿವಿಗಡಚಿಕ್ಕುವ ಸದ್ದು! ತಗಡಿನ ಚಾವಣಿಯ ಕೆಳಗೆ ಪಾಠ ಹೇಳಿದ ನನಗೆ ಅದು ಗೊತ್ತು.

ಆದರೆ ನನ್ನ ಇಬ್ಬಂದಿತನವನ್ನು ನೋಡಿ. 1897ರಲ್ಲಿ ಮರದ ಅರಮನೆ ಸುಟ್ಟ ಮೇಲೆ ಹೆನ್ರಿ ಇರ್ವಿನ್ ರೂಪಿಸಿದ ನಮ್ಮ ಅರಮನೆಯ ಕಲ್ಯಾಣಮಂಟಪದ ಕಂಬಗಳೂ ಗ್ಲಾಸ್ಗೋದಲ್ಲಿ ಎರಕವಾಗಿ ಹಡಗಿನಲ್ಲಿ ಬಂದ ಕಬ್ಬಿಣವೇ. ಅದೇ ಪ್ರವಾಸದಲ್ಲಿ ಅವನ್ನು ಬಾಯ್ತುಂಬ ಹೊಗಳಿದ್ದೆ! ಇಸ್ತಾಂಬುಲ್‌ನ ಸಂತ ಸ್ಟೀಫನ್ ಚರ್ಚೂ ಅಂಥದ್ದೇ. ತೀರದ ನೆಲ ಮೆದುವಾದ್ದರಿಂದ ಕಲ್ಲಿನ ಭಾರ ತಾಳದೆಂದು, ವಿಯೆನ್ನಾದಲ್ಲಿ ಎರಕ ಹೊಯ್ದು ಡ್ಯಾನ್ಯೂಬ್ ನದಿ, ಕಪ್ಪುಸಮುದ್ರಗಳ ಮೂಲಕ ತಂದರು. 1898ರಲ್ಲಿ ಆರಂಭವಾದ ಅದು ಇಂದಿಗೂ ನಿಂತಿದೆ.

ನನ್ನ ಮನಸ್ಸನ್ನು ತಿರುಗಿಸಿದ್ದು ಮಾತ್ರ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಅಲ್ಲಿ ಕಟ್ಟಿಸಿದ ಚರ್ಚು ಗೊರೂರಿನ ಹೇಮಾವತಿ ಜಲಾಶಯದ ಪಾಲಾಯಿತು. ಊರಿನವರು ಬೇರೆಡೆಗೆ ಹೋದರು. ಚರ್ಚು ಹೋಗಲಾರದೆ ಉಳಿಯಿತು. ನಿವೃತ್ತಿಯ ಬಳಿಕ ಒಂದು ಮಳೆಗಾಲದಲ್ಲಿ ದಡದಲ್ಲಿ ನಿಂತು ಚಾವಣಿಯಿಲ್ಲದ ಅದರ ಗೋಡೆಗಳು ಅರ್ಧ ಮುಳುಗಿದ್ದನ್ನು ಕಂಡೆ. ತಗಡಿನದಾಗಿದ್ದರೆ ಬೋಲ್ಟು ಬಿಚ್ಚಿ ಲಾರಿಯಲ್ಲಿ ಹೇರಿಕೊಂಡು ಹೋಗಬಹುದಿತ್ತು. ಇಂಗ್ಲೆಂಡಿನಲ್ಲಿ ಎಷ್ಟೋ ತಗಡಿನ ಚರ್ಚುಗಳು ಹಾಗೆ ಊರು ಬದಲಿಸಿವೆ.

ಫಿಲೋಮಿನಾ ಚರ್ಚಿನ ಮುಂದೆ ಅಂದು ಹಾಸನದ ಕಡೆಯ ಹುಡುಗನೊಬ್ಬ, "ಸಾರ್, ಊರೇ ಎದ್ದು ಹೋಗಬೇಕಾದರೆ?" ಎಂದು ಕೇಳಿದ್ದ. ಅಧಿಕಪ್ರಸಂಗವೆಂದು ಗದರಿಸಿ ಸುಮ್ಮನಾಗಿಸಿದ್ದೆ. ಅಪ್ಪಾ, ನೀನು ಇದನ್ನು ಓದುತ್ತಿದ್ದರೆ ಎರಡು ಸಾಲು ಬರೆ.